ಜಂಟಿವರಸೆಗೆ ಹಕ್ಕುದಾರರು ಯಾರು? ಡುವಾ ಲಿಪಾ ಅವರ ಎರಡನೆಯ ಆಲ್ಬಂ ಕುರಿತು

ಪ್ರಶ್ನೆ: ನನ್ನ ಮಗಳು ಪದವಿ ಓದುತ್ತಿದ್ದಾಳೆ. ಡುವಾ ಲಿಪಾ ಎಂಬ ಗಾಯಕಿಯ ‘ಫ್ಯೂಚರ್ ನಾಸ್ಟಾಲ್ಜಿಯಾ’ ಆಲ್ಬಂ ಹಾಕಿಕೊಂಡು ದಿನವೂ ಕುಣಿಯುತ್ತಾಳೆ. ನನಗೂ ಇಷ್ಟವಾಗುತ್ತದೆ, ಆದರೆ ಎಲ್ಲವನ್ನೂ ಹಿಂದೆ ಎಲ್ಲೋ ಕೇಳಿದ ಹಾಗಿರುತ್ತದೆ. ಅದೆಲ್ಲ ಹಳೆಯ ಹಾಡುಗಳಿಂದ ಕದ್ದದ್ದು, ಅದಕ್ಕೇ ಕೋರ್ಟಿನಲ್ಲಿ ಕೇಸು ಬಿದ್ದಿತ್ತು ಎಂದು ನನ್ನ ತಮ್ಮ ಹೇಳುತ್ತಾನೆ. ಕದ್ದದ್ದಾಗಿದ್ದರೆ ಗ್ರ್ಯಾಮಿ ಪ್ರಶಸ್ತಿ ಹೇಗೆ ಬಂತು? ‘ಎರಡನೆಯ ಆಲ್ಬಂ’ ಎಂದು ಎಲ್ಲರೂ ಒತ್ತಿ ಹೇಳುವುದೇಕೆ? ಚಿಕ್ಕಂದಿನಲ್ಲಿ ನಾನು ನಾಲ್ಕೈದು ವರ್ಷ ಸಂಗೀತ ಪಾಠಕ್ಕೆ ಹೋದವಳು. ಸಾಧ್ಯವಾದರೆ ಆ ಭಾಷೆಯಲ್ಲೇ ವಿವರಿಸಿ.
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ತಮ್ಮ ಕಿವಿ ಸರಿಯಾಗಿಯೇ ಹೇಳಿದೆ, ತಮ್ಮ ಸೋದರರ ತೀರ್ಮಾನ ಮಾತ್ರ ಸರಿಯಿಲ್ಲ. ಈ ಆಲ್ಬಮ್ಮಿನಲ್ಲಿ ಹಳೆಯದು ಧಾರಾಳವಾಗಿದೆ. ಅದು ಅಲ್ಲಿ ಮೂರು ಬೇರೆ ಬೇರೆ ದಾರಿಗಳಿಂದ ಬಂದಿದೆ, ಮತ್ತು ಆ ಮೂರನ್ನೂ ‘ಕದ್ದದ್ದು’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಹಾಡು ಕಟ್ಟುವ ಕೆಲಸವೇ ಅರ್ಥವಾಗದೆ ಹೋಗುತ್ತದೆ. ತಾವು ಸಂಗೀತ ಪಾಠಕ್ಕೆ ಹೋದವರು ಎಂಬುದು ನನಗೆ ದೊಡ್ಡ ಅನುಕೂಲ. ಏಕೆಂದರೆ ನ್ಯಾಯಾಲಯದಲ್ಲಿ ನಡೆದ ವಾದದ ತಿರುಳು ತಾವು ಪಾಠದ ಮೊದಲ ವರ್ಷದಲ್ಲೇ ಹಾಡಿದ ಒಂದು ವರಸೆಯಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಆಲ್ಬಂ ಹುಟ್ಟಿದ ಬಗೆಯನ್ನು ನೋಡೋಣ.

ಡುವಾ ಲಿಪಾ ಅವರ ಮೊದಲ ಆಲ್ಬಂ ಅವರ ಹೆಸರಿನಲ್ಲಿಯೇ 2017ರ ಜೂನ್‌ನಲ್ಲಿ ಬಂದಿತು. ಬಿಡುಗಡೆಯ ದಿನ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹೋಗಿತ್ತು. ಹಲವು ನಿರ್ಮಾಪಕರು ಹಲವು ಕಾಲದಲ್ಲಿ ಮಾಡಿದ ಹಾಡುಗಳನ್ನು ಒಟ್ಟಿಗೆ ಪೇರಿಸಿದಂತಿದ್ದ ಅದರಲ್ಲಿ ಒಂದು ಹಾಡಿಗೂ ಮತ್ತೊಂದಕ್ಕೂ ರಕ್ತಸಂಬಂಧ ಕಾಣುತ್ತಿರಲಿಲ್ಲ. ‘ನ್ಯೂ ರೂಲ್ಸ್’ ಎಂಬ ಹಾಡು ಆ ವರ್ಷದ ಆಗಸ್ಟ್‌ನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, 2019ರಲ್ಲಿ ಹೊಸ ಕಲಾವಿದರಿಗೆ ಮೀಸಲಾದ ಗ್ರ್ಯಾಮಿಯೂ ಬಂದಿತು. ಅದೇ ಅವಧಿಯಲ್ಲಿ, ವೇದಿಕೆಯ ಮೇಲೆ ಅವರು ಸೊಂಟವನ್ನು ಅತ್ತಿತ್ತ ತಿರುಗಿಸುತ್ತಿದ್ದ ಒಂದು ಹೆಜ್ಜೆಯ ತುಣುಕು ಜಗತ್ತಿನಾದ್ಯಂತ ಹರಿದಾಡಿ, ಈಕೆಗೆ ಕುಣಿಯಲು ಬರುವುದಿಲ್ಲ ಎಂಬ ಗೇಲಿಯೂ ಜೊತೆಗೂಡಿತು. ಎರಡನೆಯ ಆಲ್ಬಮ್ಮಿನ ಭಾರ ಎಂದರೆ ಇದೇ. ಕನ್ನೆನೆಲದ ಮೊದಲ ಬೆಳೆ ಹೇಗೋ ಬಂದುಬಿಡುತ್ತದೆ. ಬೇಸಾಯ ಗೊತ್ತಿದೆಯೇ ಇಲ್ಲವೇ ಎಂಬುದು ತಿಳಿಯುವುದು ಮರುವರ್ಷವೇ. ಹೆಸರು ಬಂದಾಗಿದೆ, ಅಪಹಾಸ್ಯವೂ ಬಂದಾಗಿದೆ, ಕಂಪನಿಗೆ ಹಿಂದಿನಂಥದೇ ಇನ್ನೊಂದು ಹಾಡು ಬೇಕು. ಬಹಳ ಮಂದಿ ಗಾಯಕರು ಇಲ್ಲಿ ಎಲ್ಲರನ್ನೂ ಮೆಚ್ಚಿಸಲು ಹೋಗಿ ಹತ್ತು ಬಗೆಯ ಹಾಡು ಮಾಡುತ್ತಾರೆ.

ಲಿಪಾ ಮಾಡಿದ್ದು ಅದರ ವಿರುದ್ಧ. ಹಾಡುಗಳಿಗಿಂತ ಮೊದಲು ಶೀರ್ಷಿಕೆ ಹೊಳೆದಿತ್ತೆಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಭವಿಷ್ಯದ ಹಳಹಳಿಕೆ ಎಂಬ ಆ ಎರಡು ಪದಗಳು ಒಂದು ಅಳತೆಗೋಲಾದವು: ತಂದೆತಾಯಿಗಳು ಮನೆಯಲ್ಲಿ ಕೇಳುತ್ತಿದ್ದ ಸಂಗೀತದ ನೆನಪು ಇರಬೇಕು, ಧ್ವನಿಯ ಹೊಳಪು ಮಾತ್ರ ಇಂದಿನದಾಗಿರಬೇಕು, ಈ ಅಳತೆಗೆ ಬಾರದ ಹಾಡು ಎಷ್ಟೇ ಚೆನ್ನಾಗಿದ್ದರೂ ಹೊರಗಿರಬೇಕು. ಅವರ ತಂದೆ ಕೊಸೊವೊದಲ್ಲಿ ರಾಕ್ ತಂಡವೊಂದರ ಗಾಯಕರಾಗಿದ್ದವರು, ಆದ್ದರಿಂದ ಮನೆಯ ಸಂಗೀತವೆಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. ಕೊನೆಗೆ ಉಳಿದದ್ದು ಹನ್ನೊಂದು ಹಾಡು, ಒಟ್ಟು ಸುಮಾರು 37 ನಿಮಿಷ. ಇಪ್ಪತ್ತು ಹಾಡು ತುಂಬಿಸಿ ಕೇಳುವಿಕೆಯ ಎಣಿಕೆ ಹೆಚ್ಚಿಸಿಕೊಳ್ಳುವ ಈ ಕಾಲದಲ್ಲಿ ಆ ಮಿತವೇ ಒಂದು ನಿಲುವು ಎಂದು ನಾನು ತಿಳಿಯುತ್ತೇನೆ.

ಕೆಲಸ ಮಾಡಿದವರ ಆಯ್ಕೆಯಲ್ಲೂ ಈ ಅಳತೆ ಕಾಣುತ್ತದೆ. ‘ನ್ಯೂ ರೂಲ್ಸ್’ ಬರೆದಿದ್ದ ಕ್ಯಾರೊಲೈನ್ ಐಲಿನ್, ಎಮಿಲಿ ವಾರನ್ ಮತ್ತು ಇಯಾನ್ ಕರ್ಕ್‌ಪ್ಯಾಟ್ರಿಕ್ ಅವರ ಜೊತೆಗೇ ಲಿಪಾ ‘ಡೋಂಟ್ ಸ್ಟಾರ್ಟ್ ನೌ’ ಬರೆದರು. ‘ಕೋಜ಼್’ ಎಂದು ಕರೆಯಲಾಗುವ ಸ್ಟೀಫನ್ ಕೋಜ಼್ಮೆನಿಯುಕ್ ಮತ್ತು ಸ್ಟೂವರ್ಟ್ ಪ್ರೈಸ್ ಸೇರಿ ‘ಲೆವಿಟೇಟಿಂಗ್’ ಹಾಡನ್ನು ನಿರ್ಮಿಸಿದರು. ಈ ಪ್ರೈಸ್ 2005ರಲ್ಲಿ ಮಡೋನಾ ಅವರಿಗೂ 2010ರಲ್ಲಿ ಕೈಲಿ ಮಿನೋಗ್ ಅವರಿಗೂ ಡಿಸ್ಕೊ ಬಣ್ಣದ ಆಲ್ಬಮ್ಮುಗಳನ್ನು ಮಾಡಿಕೊಟ್ಟವರು. ಹಳೆಯ ನೃತ್ಯಸಂಗೀತವನ್ನು ಧೂಳು ಕೊಡವಿ ನಿಲ್ಲಿಸುವ ಕೈ ಅವರದು.

ಇನ್ನು ತಮಗೆ ‘ಎಲ್ಲೋ ಕೇಳಿದ ಹಾಗೆ’ ಅನ್ನಿಸುವ ವಿಷಯ. ಡಿಸ್ಕೊ ತಾಳದಲ್ಲಿ ನಾಲ್ಕು ಎಣಿಕೆಗೂ ಕಾಲಿನ ಡ್ರಮ್ ಸಮನಾಗಿ ಬೀಳುತ್ತದೆ. ಎಣಿಕೆಗಳ ನಡುವಿನ ಅನಾಗತ–ಅತೀತದ ಜಾಗಗಳಲ್ಲಿ ತಟ್ಟೆಯ ಸದ್ದು ತೆರೆದುಕೊಳ್ಳುತ್ತದೆ. ಬೇಸ್ ಗಿಟಾರು ಸುಮ್ಮನೆ ಶ್ರುತಿ ಹಿಡಿಯದೆ ಮಂದ್ರದಿಂದ ಮಧ್ಯಕ್ಕೆ ಹಾರಿ ಹಾರಿ ಒಂದು ಪ್ರತ್ಯೇಕ ರಾಗಸಂಚಾರವನ್ನೇ ನಡೆಸುತ್ತದೆ. ಎಪ್ಪತ್ತು–ಎಂಬತ್ತರ ದಶಕಗಳ ಕನ್ನಡ ಚಿತ್ರಗೀತೆಗಳ ವಾದ್ಯವೃಂದದಲ್ಲಿಯೂ ಈ ಬೇಸ್ ಗಿಟಾರಿನ ಓಟ ಕೇಳಿ ಬೆಳೆದವರು ನಾವು, ಹಾಗಾಗಿ ಪರಿಚಯದ ಭಾವ ಇಮ್ಮಡಿಯಾಗುತ್ತದೆ. ‘ಡೋಂಟ್ ಸ್ಟಾರ್ಟ್ ನೌ’ ನಿಮಿಷಕ್ಕೆ 124 ಪೆಟ್ಟಿನ ಹಾಡು, ಅಂದರೆ ಸೆಕೆಂಡಿಗೆ ಎರಡಕ್ಕಿಂತ ತುಸು ಹೆಚ್ಚು. ‘ಲೆವಿಟೇಟಿಂಗ್’ 103ಕ್ಕೆ ಇಳಿದು ಹೆಜ್ಜೆಯನ್ನು ಕೊಂಚ ಸಡಿಲ ಬಿಡುತ್ತದೆ. ‘ಫಿಸಿಕಲ್’ 147ರ ಆಸುಪಾಸಿನಲ್ಲಿ ಓಡುತ್ತದೆ.

ಇಷ್ಟು ಹಳೆಯದಾದರೆ ಹೊಸದು ಯಾವುದು? ಖಾಲಿ ಜಾಗ. ಹಿಂದಿನ ಡಿಸ್ಕೊ ಮುದ್ರಿಕೆಗಳಲ್ಲಿ ಒಂದು ದೊಡ್ಡ ಕೋಣೆಯಲ್ಲಿ ಹತ್ತಾರು ಜನ ನುಡಿಸುವ ಗಾಳಿ ಇರುತ್ತಿತ್ತು. ಇಲ್ಲಿ ಒಂದೊಂದು ನಾದವೂ ತೊಳೆದಿಟ್ಟ ಪಾತ್ರೆಯಂತೆ ಬೇರೆಬೇರೆಯಾಗಿ ಕೇಳುತ್ತದೆ. ಡ್ರಮ್ ಬೀಳುವ ಕ್ಷಣಕ್ಕೆ ಉಳಿದ ವಾದ್ಯಗಳು ತಾವಾಗಿ ತಗ್ಗಿ, ಮರುಕ್ಷಣ ಏಳುವಂತೆ ಧ್ವನಿಮಟ್ಟವನ್ನು ಯಂತ್ರದಿಂದ ಕಟ್ಟಿರುತ್ತಾರೆ, ನಮ್ಮ ಸ್ಟುಡಿಯೊ ಭಾಷೆಯಲ್ಲಿ ಅದಕ್ಕೆ ಸೈಡ್‌ಚೈನ್ ಎನ್ನುತ್ತೇವೆ. ಪಲ್ಲವಿಗೆ ಮೊದಲು ವಾದ್ಯಗಳೆಲ್ಲ ಒಮ್ಮೆ ಬಾಯಿ ಮುಚ್ಚಿಕೊಳ್ಳುವ ಜಾಗಗಳನ್ನು ಗಮನಿಸಿ. ಮೃದಂಗ ವಿದ್ವಾಂಸರು ಮುಕ್ತಾಯಕ್ಕೆ ಮುನ್ನ ಬಿಡುವ ಕಾರ್ವೆ ಮಾಡುವ ಕೆಲಸವನ್ನೇ ಆ ಮೌನ ಮಾಡುತ್ತದೆ. ಗಾಯಕಿಯ ಕಂಠವೂ ತುಸು ತಗ್ಗಿನದು, ಗಟ್ಟಿಯದು. ಅದಕ್ಕೆ ಪ್ರತಿಧ್ವನಿಯ ಜರಿ ಹೊದಿಸದೆ ಕಿವಿಯ ಹತ್ತಿರ ತಂದು ನಿಲ್ಲಿಸಿದ್ದಾರೆ.

ಸಾಲದ ಮೂರು ದಾರಿಗಳೆಂದೆನಲ್ಲ, ಈಗ ಅವನ್ನು ನೋಡಬಹುದು. ಹಳೆಯ ಧ್ವನಿಮುದ್ರಿಕೆಯ ತುಣುಕನ್ನೇ ಕತ್ತರಿಸಿ ಹೊಸ ಹಾಡಿನೊಳಗೆ ಕೂರಿಸುವುದು ಸ್ಯಾಂಪಲ್. ‘ಲವ್ ಅಗೇನ್’ ಹಾಡಿನ ಹಿಂದೆ ಕೇಳುವ ತುತ್ತೂರಿ 1932ರದು. ಲೂ ಸ್ಟೋನ್ ಅವರ ವಾದ್ಯತಂಡದ ಜೊತೆ ಆಲ್ ಬೌಲಿ ಹಾಡಿದ ‘ಮೈ ವುಮನ್’ ಎಂಬ ಮುದ್ರಿಕೆಯದು. ಇದರ ನಡುವೆ ಇನ್ನೊಂದು ನಿಲ್ದಾಣವಿದೆ: 1997ರಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನ ಪಡೆದ ‘ಯುವರ್ ವುಮನ್’ ಹಾಡಿನಲ್ಲಿಯೂ ಇದೇ ತುತ್ತೂರಿ ಇತ್ತು. ‘ವೈಟ್ ಟೌನ್’ ಎಂಬ ಹೆಸರಿನಲ್ಲಿ ಅದನ್ನು ಮನೆಯ ಕೋಣೆಯಲ್ಲಿ ಒಬ್ಬರೇ ಕೂತು ಮಾಡಿದವರು ಜ್ಯೋತಿ ಮಿಶ್ರಾ, ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿದವರು. ನಮ್ಮ ಉಕ್ಕಿನ ಊರೊಂದರ ಮಗನ ಕೈದಾಟಿ ಈ ತುತ್ತೂರಿ ಲಿಪಾ ಅವರ ತಲೆಮಾರಿಗೆ ಬಂದಿತೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದಾಗಲೆಲ್ಲ ಅವರು ಮೊಬೈಲು ತೆಗೆದು ಪರೀಕ್ಷಿಸುತ್ತಾರೆ; ನನ್ನ ಮಾತಿಗೆ ಅಷ್ಟು ಬೆಲೆ. ಹಾಡಿನ ಲೇಖಕರ ಪಟ್ಟಿಯಲ್ಲಿ 1932ರ ಹಾಡಿನ ಲೇಖಕರ ಹೆಸರುಗಳೂ ಇವೆ, ಬಿಂಗ್ ಕ್ರಾಸ್ಬಿ ಅವರಲ್ಲಿ ಒಬ್ಬರು. ಇದು ಬಹಿರಂಗವಾಗಿ, ಪತ್ರ ಬರೆದುಕೊಟ್ಟು ಮಾಡಿದ ಸಾಲ.

ಎರಡನೆಯದು ಇಂಟರ್‌ಪೊಲೇಶನ್, ಅಂದರೆ ಹಳೆಯ ಹಾಡಿನ ಸ್ವರಗುಚ್ಛವನ್ನು ಹೊಸದಾಗಿ ನುಡಿಸಿ ಸೇರಿಸುವುದು. ‘ಬ್ರೇಕ್ ಮೈ ಹಾರ್ಟ್’ ಹಾಡಿನಲ್ಲಿ ಆಸ್ಟ್ರೇಲಿಯಾದ ‘ಇನ್‌ಎಕ್ಸೆಸ್’ ತಂಡದ ‘ನೀಡ್ ಯು ಟುನೈಟ್’ನ ಗಿಟಾರು ವರಸೆ ಕೇಳುತ್ತದೆ, ಅದನ್ನು ಬರೆದ ಆಂಡ್ರ್ಯೂ ಫಾರಿಸ್ ಮತ್ತು ಮೈಕೆಲ್ ಹಚನ್ಸ್ ಅವರಿಗೆ ಲೇಖಕರ ಸ್ಥಾನ ಕೊಡಲಾಗಿದೆ. ‘ಫಿಸಿಕಲ್’ ಹಾಡಿನ ಪಲ್ಲವಿಯ ಕರೆ 1981ರ ಒಲಿವಿಯಾ ನ್ಯೂಟನ್–ಜಾನ್ ಅವರ ಅದೇ ಹೆಸರಿನ ಹಾಡನ್ನು ನೆನಪಿಗೆ ತಂದರೂ ರಾಗ ಬೇರೆ, ಹೀಗಾಗಿ ಅದು ಸಾಲವೆನ್ನುವುದಕ್ಕಿಂತ ನಮಸ್ಕಾರ.

ಮೂರನೆಯದೇ ತಕರಾರುಗಳೆಲ್ಲ ಕೂಡುವ ಜಾಗ: ಯಾವ ಒಂದು ಹಾಡಿನದೂ ಅಲ್ಲದ, ಒಂದು ಇಡೀ ಶೈಲಿಯ ಸಾಮಾನ್ಯ ಸ್ವತ್ತು. ಕೇಸು ಬಿದ್ದದ್ದು ಇಲ್ಲಿಯೇ, ‘ಲೆವಿಟೇಟಿಂಗ್’ ಹಾಡಿನ ಮೇಲೆ. 2022ರ ಮಾರ್ಚ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ದಾವೆಗಳು ಹೂಡಲ್ಪಟ್ಟವು. ಮೊದಲನೆಯದು ಫ್ಲಾರಿಡಾದ ‘ಆರ್ಟಿಕಲ್ ಸೌಂಡ್ ಸಿಸ್ಟಮ್’ ಎಂಬ ರೆಗ್ಗೆ ತಂಡದ್ದು. ತಮ್ಮ ಹಾಡನ್ನು ನಕಲು ಮಾಡಿದ್ದಾರೆಂದು ಅವರು ದೂರಿದ್ದರು. ಲಿಪಾ ಅವರ ತಂಡಕ್ಕೆ ಆ ಹಾಡು ಕಿವಿಗೆ ಬಿದ್ದಿರಬಹುದು ಎಂಬುದಕ್ಕೇ ಆಧಾರ ಸಿಗದೆ ಅದು 2023ರಲ್ಲಿ ನಿಲ್ಲಲಾರದೆ ಹೋಯಿತು. ಎರಡನೆಯದು ಹೆಚ್ಚು ಗಂಭೀರವಾಗಿತ್ತು. ಎಲ್. ರಸೆಲ್ ಬ್ರೌನ್ ಮತ್ತು ಸ್ಯಾಂಡಿ ಲಿನ್ಜರ್ ಎಂಬ ಹಿರಿಯ ಗೀತರಚನಕಾರರು, ತಮ್ಮ ಹಕ್ಕಿನಲ್ಲಿರುವ 1979ರ ‘ವಿಗಲ್ ಆ್ಯಂಡ್ ಗಿಗಲ್ ಆಲ್ ನೈಟ್’ ಮತ್ತು 1980ರ ‘ಡಾನ್ ಡಿಯಾಬ್ಲೊ’ ಹಾಡುಗಳ ಆರಂಭದ ರಾಗವೇ ‘ಲೆವಿಟೇಟಿಂಗ್’ನಲ್ಲಿದೆ ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಹೋದರು. ಹಾಡುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದರೆ ಹೋಲಿಕೆ ಇಲ್ಲವೆನ್ನಲು ಸಾಧ್ಯವಿಲ್ಲ. ಮೊದಲ ಸಲ ಕೇಳಿದಾಗ ನಾನೂ ಹುಬ್ಬೇರಿಸಿದ್ದೆ.

ಆದರೆ ಆ ಹೋಲಿಕೆ ಏತರದು? ನ್ಯಾಯಾಲಯದ ಮುಂದಿದ್ದ ಮುಖ್ಯ ಅಂಶವನ್ನು ಕನ್ನಡಕ್ಕೆ ತಂದರೆ, ಸ್ವರಗಳು ಮೇಲಿನಿಂದ ಕ್ರಮವಾಗಿ ಇಳಿಯುತ್ತವೆ, ಇಳಿಯುವಾಗ ಒಂದೊಂದು ಸ್ವರವೂ ಸಮ ಅಂತರದಲ್ಲಿ ಪುನರಾವರ್ತನೆಯಾಗುತ್ತದೆ. ತಾವು ಈಗಾಗಲೇ ನಕ್ಕಿರಬಹುದು. ಇದು ಜಂಟಿವರಸೆಯ, ಅಂದರೆ ಒಂದೊಂದು ಸ್ವರವನ್ನೂ ಜೋಡಿಯಾಗಿ ಹಾಡುವ ಆರಂಭದ ಪಾಠದ, ಅವರೋಹಣ: ಸಸ ನಿನಿ ದದ ಪಪ, ಮಮ ಗಗ ರಿರಿ ಸಸ. ನಾವು ಮಾಯಾಮಾಳವಗೌಳ ರಾಗದಲ್ಲಿ ಕಲಿತದ್ದನ್ನು ಅವರು ಮೈನರ್ ಸ್ಕೇಲಿನಲ್ಲಿ, ಅಂದರೆ ನಮ್ಮ ನಠಭೈರವಿಯ ಸ್ವರಗಳಲ್ಲಿ, ಎರಡರ ಬದಲು ಹೆಚ್ಚು ಸಲ ತಟ್ಟುತ್ತ ಹಾಡುತ್ತಾರೆ. ಬಸವನಗುಡಿಯ ಯಾವ ಬೀದಿಯಲ್ಲಿ ಸಂಜೆ ನಡೆದರೂ ಒಂದಲ್ಲ ಒಂದು ಮನೆಯಿಂದ ಕೇಳಿಬರುವ ಆ ವರಸೆಗೆ ಯಾರಾದರೂ ಹಕ್ಕುಪತ್ರ ತೋರಿಸಿದರೆ ನಾವು ಏನೆನ್ನುತ್ತೇವೆಯೋ, ನ್ಯಾಯಾಧೀಶೆ ಕ್ಯಾಥರೀನ್ ಪೋಕ್ ಫೈಲಾ ಅವರು 2025ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನ ಸಾರವೂ ಹೆಚ್ಚುಕಡಿಮೆ ಅದೇ. ಇಂಥ ಇಳಿಕೆ, ಇಂಥ ಪಟಪಟನೆ ಪದ ಉದುರಿಸುವ ಹಾಡಿಕೆ, ಡಿಸ್ಕೊ ಛಾಯೆ, ಇವು ಸಂಗೀತದ ಸಾಮಾನ್ಯ ಸಾಮಗ್ರಿ. ಇವುಗಳ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದ ಗಿಲ್ಬರ್ಟ್ ಮತ್ತು ಸಲಿವನ್ ಅವರ ಲಘು ಗೀತನಾಟಕಗಳಲ್ಲಿಯೂ ಬೀ ಜೀಸ್ ಎಂಬ ಡಿಸ್ಕೊ ಕಾಲದ ತಂಡದ ಹಾಡಿನಲ್ಲಿಯೂ ಇವು ಸಿಗುತ್ತವೆಂಬುದು ಅಲ್ಲಿ ಚರ್ಚೆಗೆ ಬಂದಿತ್ತು. ಬ್ರಿಟಿಷ್ ಗಾಯಕ ಎಡ್ ಶೀರನ್ ಅವರ ಹಾಡಿನ ಮೇಲಿನ ದಾವೆಯಲ್ಲಿ 2024ರ ಕೊನೆಗೆ ಮೇಲಿನ ನ್ಯಾಯಾಲಯ ಕೊಟ್ಟಿದ್ದ ತೀರ್ಪು ಈ ನಿರ್ಣಯಕ್ಕೆ ದಾರಿಯಾಗಿತ್ತು.

ಕಲ್ಯಾಣಿಯಲ್ಲಿ ಕೃತಿ ರಚಿಸಿದವರೆಲ್ಲ ಒಬ್ಬರಿಂದೊಬ್ಬರು ಕದ್ದರೆಂದು ನಾವು ಎಂದೂ ಹೇಳಿಲ್ಲ. ಪುರಂದರದಾಸರ ಎಷ್ಟೋ ಪದಗಳ ಮೂಲ ಧಾಟಿ ಕಳೆದುಹೋಗಿ, ಇಂದು ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದರಲ್ಲಿ ಹಾಡಿದರೂ ನಮಗೆ ಮುಜುಗರವಿಲ್ಲ. ರಾಗಲಕ್ಷಣ ಎಲ್ಲರದು, ಕೃತಿ ಒಬ್ಬರದು ಎಂಬ ವಿವೇಕ ನಮ್ಮ ಕಿವಿಗೆ ಅಭ್ಯಾಸವಾಗಿದೆ. ಆದರೆ ಹೀಗೆಂದು ಎಲ್ಲ ದೂರುಗಳನ್ನೂ ತಳ್ಳಿಹಾಕುವಂತಿಲ್ಲ. ಇದೇ ಹಾಡಿನ ಬಗ್ಗೆ 2023ರಲ್ಲಿ ಬಂದ ಮೂರನೆಯ ದಾವೆ ರಾಗದ ಕುರಿತದ್ದಲ್ಲ. ಟಾಕ್‌ಬಾಕ್ಸ್ ಎಂಬ, ಬಾಯಿಂದ ವಾದ್ಯದ ನಾದವನ್ನು ಮಾತಾಗಿಸುವ ಸಾಧನವನ್ನು ನುಡಿಸಿದ ಕಲಾವಿದರು, ತಮ್ಮ ಧ್ವನಿಮುದ್ರಣವನ್ನು ರೀಮಿಕ್ಸುಗಳಲ್ಲಿ ಅನುಮತಿಯಿಲ್ಲದೆ ಬಳಸಿದರೆಂದು ಹೇಳಿದ್ದರು. ಅದು ಕೂಲಿಯ ಪ್ರಶ್ನೆ, ಮತ್ತು ಸ್ಟುಡಿಯೊದಲ್ಲಿ ವಾದ್ಯ ನುಡಿಸಿ ಬದುಕುವವರ ಪರವಾಗಿ ನನಗೆ ಅಂಥ ಪ್ರಶ್ನೆಯೇ ಹೆಚ್ಚು ಮುಖ್ಯವೆನಿಸುತ್ತದೆ.

ಈಗ ಜನರು ಸ್ವೀಕರಿಸಿದ ಬಗೆ. ಆಲ್ಬಂ 2020ರ ಏಪ್ರಿಲ್ 3ಕ್ಕೆ ಬರಬೇಕಿತ್ತು. ಹಾಡುಗಳು ಮೊದಲೇ ಸೋರಿಹೋದವು. ಲಿಪಾ ಅವರು ಮಾರ್ಚ್ 23ರಂದು ನೇರಪ್ರಸಾರದಲ್ಲಿ ಕಣ್ಣೀರಿಡುತ್ತಲೇ, ಜನ ನರಳುತ್ತಿರುವ ಇಂಥ ಹೊತ್ತಿನಲ್ಲಿ ಕುಣಿತದ ಹಾಡು ಹೊರತರುವುದು ಸರಿಯೇ ಎಂಬ ಅಳುಕನ್ನೂ ಮುಚ್ಚಿಡದೆ, ಮಾರ್ಚ್ 27ಕ್ಕೇ ಬಿಡುಗಡೆಯೆಂದು ತಿಳಿಸಿದರು. ನಮ್ಮ ಬೆಂಗಳೂರಿನಲ್ಲಿ ಮಾರ್ಚ್ 14ರಿಂದಲೇ ಪಬ್ಬು, ಮಾಲು, ಚಿತ್ರಮಂದಿರಗಳಿಗೆ ಬೀಗ ಬಿದ್ದಿತ್ತು, 25ರಿಂದ ದೇಶವೇ ಮುಚ್ಚಿತ್ತು. ಕುಣಿಯುವ ಜಾಗವೊಂದೂ ತೆರೆದಿಲ್ಲದ ವಾರದಲ್ಲಿ ಕುಣಿತದ ಆಲ್ಬಂ ಬಂದಿತು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಮೊದಲ ವಾರ ಕೂದಲೆಳೆಯಲ್ಲಿ ಎರಡನೆಯ ಸ್ಥಾನಕ್ಕೆ ನಿಂತು, ಮರುವಾರ ಮೊದಲನೆಯದಾಯಿತು.

ಲಾಕ್‌ಡೌನ್ ಇದ್ದುದರಿಂದಲೇ ಇದು ಗೆದ್ದಿತು ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ‘ಡೋಂಟ್ ಸ್ಟಾರ್ಟ್ ನೌ’ 2019ರ ನವೆಂಬರಿನಿಂದಲೇ ಓಡುತ್ತಿತ್ತು, ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಏರಿತು. ಲಾಕ್‌ಡೌನ್ ಮಾಡಿದ್ದು ಬೇರೆ ಕೆಲಸ: ಈ ಸಂಗೀತವನ್ನು ಪಬ್ಬಿನ ದೊಡ್ಡ ಪೆಟ್ಟಿಗೆಗಳಿಂದ ಕಿವಿಯ ಸಣ್ಣ ಗೂಟಗಳಿಗೆ ಇಳಿಸಿತು. ಅಲ್ಲಿ ಎದೆಗೆ ಗುದ್ದುವ ಸದ್ದಿಗಿಂತ ಸ್ಪಷ್ಟವಾಗಿ ಓಡುವ ಬೇಸ್ ವರಸೆಯೇ ಮುಖ್ಯವಾಗುತ್ತದೆ, ಮತ್ತು ಈ ಆಲ್ಬಮ್ಮಿನ ಕಟ್ಟಡ ಅದರ ಮೇಲೆಯೇ ನಿಂತಿದೆ. ಗದ್ದಲವನ್ನೇ ನಂಬಿದ ಆಲ್ಬಂ ಆಗಿದ್ದರೆ ಅದೇ ವಾರಗಳಲ್ಲಿ ಮುಗ್ಗರಿಸುತ್ತಿತ್ತು. ಪ್ರಚಾರವನ್ನೂ ಅವರು ಮನೆಯಿಂದಲೇ, ವಾದ್ಯದವರೆಲ್ಲ ಅವರವರ ಕೋಣೆಗಳಲ್ಲಿ ಕುಳಿತು ನುಡಿಸಿದ ಕಾರ್ಯಕ್ರಮಗಳಿಂದ ನಡೆಸಿದರು. ಆಗಸ್ಟ್‌ನಲ್ಲಿ ‘ದ ಬ್ಲೆಸ್ಡ್ ಮಡೋನಾ’ ಎಂಬ ಡಿಜೆಯ ಕೈಯಲ್ಲಿ ಇಡೀ ಆಲ್ಬಮ್ಮನ್ನು ರೀಮಿಕ್ಸ್ ಮಾಡಿಸಿದರು. ಪ್ರವಾಸ ಶುರುವಾದದ್ದು 2022ರ ಫೆಬ್ರುವರಿಯಲ್ಲಿ. ಹಿಂದೆ ಗೇಲಿಗೆ ಗುರಿಯಾಗಿದ್ದ ಆ ಸೊಂಟದ ಹೆಜ್ಜೆಯನ್ನು ಅವರು ಬೇಕೆಂದೇ ಅಲ್ಲಿ ಮತ್ತೆ ಹಾಕಿದಾಗ ಸಭಾಂಗಣಗಳು ಕೇಕೆ ಹಾಕಿದವು.

2021ರ ಮಾರ್ಚ್‌ನಲ್ಲಿ ಅತ್ಯುತ್ತಮ ಪಾಪ್ ಗಾಯನ ಆಲ್ಬಮ್ಮಿನ ಗ್ರ್ಯಾಮಿ, ಮೇ ತಿಂಗಳಲ್ಲಿ ವರ್ಷದ ಬ್ರಿಟಿಷ್ ಆಲ್ಬಮ್ಮಿಗೆ ಕೊಡುವ ಬ್ರಿಟ್ ಪ್ರಶಸ್ತಿ ಬಂದವು. ಇದಕ್ಕಿಂತ ಕುತೂಹಲದ ಸಂಗತಿ ‘ಲೆವಿಟೇಟಿಂಗ್’ನದು: ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಒಂದು ವಾರವೂ ಮೊದಲ ಸ್ಥಾನಕ್ಕೇರಲಿಲ್ಲ, ಎರಡನೆಯದೇ ಅದರ ಗರಿಷ್ಠ. ಆದರೂ 77 ವಾರ ಪಟ್ಟಿಯಲ್ಲುಳಿದು, 2021ರ ಇಡೀ ವರ್ಷದ ಲೆಕ್ಕದಲ್ಲಿ ಮೊದಲ ಹಾಡಾಯಿತು. ನಮ್ಮ ದೇಶದಲ್ಲಿ ಯಾರೋ ಅಭಿಮಾನಿಗಳು ಅದನ್ನು 1999ರ ‘ಬಾದ್‌ಷಾ’ ಚಿತ್ರದ ಹಾಡಿನ ಜೊತೆ ಹೆಣೆದರು. 2024ರ ನವೆಂಬರ್ 30ರಂದು ಮುಂಬೈ ವೇದಿಕೆಯಲ್ಲಿ ಲಿಪಾ ಅವರೇ ಆ ಹೆಣಿಗೆಯನ್ನು ಬಳಸಿಕೊಂಡಾಗ ಜನ ಹುಚ್ಚೆದ್ದರು. ಹಿಂದಿ ಹಾಡಿನ ಗಾಯಕರಾದ ಅಭಿಜಿತ್ ಭಟ್ಟಾಚಾರ್ಯ ಅವರು ತಮ್ಮ ಹೆಸರನ್ನು ಯಾರೂ ಹೇಳಲಿಲ್ಲವೆಂದು ಬೇಸರಪಟ್ಟರು, ಅದೂ ನ್ಯಾಯವಾದ ಬೇಸರವೇ.

ಆಲ್ಬಮ್ಮಿನಲ್ಲಿ ಕುಂದಿಲ್ಲವೆಂದು ನಾನು ಹೇಳುತ್ತಿಲ್ಲ. ಒಂಬತ್ತು ಹಾಡುಗಳ ತನಕ ಹಿಡಿದ ಶ್ರುತಿ ಕೊನೆಯ ಎರಡರಲ್ಲಿ ಬಿಡುತ್ತದೆ. ಹತ್ತನೆಯದು ಚೇಷ್ಟೆಯ ಹಾಡು, ಬೇರೆ ಯಾವುದೋ ಆಲ್ಬಮ್ಮಿನಿಂದ ದಾರಿತಪ್ಪಿ ಬಂದಂತಿದೆ. ಕೊನೆಯ ‘ಬಾಯ್ಸ್ ವಿಲ್ ಬಿ ಬಾಯ್ಸ್’ ಹಾಡಿನ ವಿಷಯ ಗಂಭೀರವಾದದ್ದು. ರಾತ್ರಿ ಒಬ್ಬಳೇ ಮನೆಗೆ ನಡೆಯುವ ಹುಡುಗಿ ಬೀಗದ ಕೈಯನ್ನು ಬೆರಳ ನಡುವೆ ಹಿಡಿದುಕೊಳ್ಳುವ ಆ ಭಯ ನಮ್ಮೂರಿನ ಹೆಣ್ಣುಮಕ್ಕಳಿಗೂ ಗೊತ್ತಿರುವಂಥದ್ದು. ಆದರೆ ನಾಲ್ಕು ಪೆಟ್ಟಿನ ತಾಳವನ್ನು ಬಿಟ್ಟು ಅದು ತಟ್ಟನೆ ವಾದ್ಯಮೇಳದ ಭಾರಕ್ಕೆ ಜಾರುತ್ತದೆ, ಕಚೇರಿಯಲ್ಲಿ ಮಂಗಳ ಹಾಡುವ ಹೊತ್ತಿಗೆ ಭಾಷಣ ಶುರುವಾದಂತೆ. ಅನೇಕ ವಿಮರ್ಶಕರೂ ಈ ಎರಡು ಹಾಡುಗಳ ಬಗ್ಗೆ ಇದೇ ತಕರಾರು ತೆಗೆದಿದ್ದರು. ಮೇಲೆ ಹೇಳಿದ ಅಳತೆಗೋಲನ್ನು ಅವರು ಇನ್ನೆರಡು ಹಾಡು ಹಿಡಿದಿರಬೇಕಿತ್ತು.

ತಮ್ಮ ಸೋದರರಿಗೆ ಹೇಳುವುದಿದ್ದರೆ ‘ಲವ್ ಅಗೇನ್’ನಿಂದ ಆರಂಭಿಸಿ: 1932ರ ಮುದ್ರಿಕೆ, 1997ರ ಜ್ಯೋತಿ ಮಿಶ್ರಾ ಅವರ ಹಾಡು, ಆಮೇಲೆ ಇದು, ಈ ಕ್ರಮದಲ್ಲಿ ಮೂರನ್ನೂ ಕೇಳಿಸಿ. ಬಳಿಕ ಶ್ರುತಿಪೆಟ್ಟಿಗೆಯನ್ನು ‘ಬಿ’ಗೆ ಹೊಂದಿಸಿಕೊಂಡು, ನಠಭೈರವಿಯ ಸ್ವರಗಳಲ್ಲಿ ಜಂಟಿವರಸೆಯ ಅವರೋಹಣವನ್ನು ತಾವೇ ಎರಡು ಕಾಲದಲ್ಲಿ ಹಾಡಿ, ಎರಡನೆಯ ಕಾಲಕ್ಕೆ ಬಂದಾಗ ಮಗಳಿಗೆ ‘ಲೆವಿಟೇಟಿಂಗ್’ ಹಾಕಲು ಹೇಳಿ.